ನಮ್ಮ ಬೀದಿ ಹೆಂಗಸರ ಕೂಟ ಶುರುವಾದದ್ದು ಯಾವ ವರ್ಷ? ಹಾಸನದ ಹಳಬರು ಹೇಳಿ

ಸಾಲಗಾಮೆ ರಸ್ತೆ ಸೊಸೆ

ಸಾಲಗಾಮೆ ರಸ್ತೆ ಕಡೆಯ ಹಳಬರು ಯಾರಾದರೂ ಇಲ್ಲಿದ್ದರೆ ಸ್ವಲ್ಪ ಸಹಾಯ ಮಾಡಿ. ನಮ್ಮ ಬೀದಿಯ ಹೆಂಗಸರ ಕೂಟಕ್ಕೆ 25 ವರ್ಷ ತುಂಬಿತು ಅಂತ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಜೊತೆಗೆ 16 ಪುಟದ ಸ್ಮರಣ ಸಂಚಿಕೆ. ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ನನಗೆ ಸಾಹಿತ್ಯ ಬರುತ್ತದೆ ಅಂತಲ್ಲ, ಮೊಬೈಲಿನಲ್ಲಿ ಕನ್ನಡ ಬೇಗ ಟೈಪ್ ಮಾಡುತ್ತೇನೆ ಅಂತ.

ಮೊದಲನೇ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. "ನಮ್ಮ ಕೂಟ ಇಂಥ ವರ್ಷ ಶುರುವಾಯಿತು" ಅಂತ ಬರೆಯಬೇಕಲ್ಲ, ಆ ವರ್ಷ ಯಾವುದು ಅಂತ ಇಬ್ಬರ ಮಾತು ಒಂದಾಗುತ್ತಿಲ್ಲ. ನಾನು ಮದುವೆಯಾಗಿ ಈ ಬೀದಿಗೆ ಬಂದದ್ದು 2004ರಲ್ಲಿ. ಅಷ್ಟು ಹೊತ್ತಿಗಾಗಲೇ ಕೂಟ ಇತ್ತು. ತಿಂಗಳಿಗೆ 10 ರೂಪಾಯಿ ಚಂದಾ. ಎರಡನೇ ಶನಿವಾರ ಮಧ್ಯಾಹ್ನ ಮೂರೂವರೆಗೆ ಸಭೆ. ಸಭೆ ಅಂದರೆ ಅರ್ಧ ಗಂಟೆ ಲೆಕ್ಕ, ಒಂದೂವರೆ ಗಂಟೆ ಹರಟೆ. ಎರಡು ದೊಡ್ಡ ಡಬರಿ, ಒಂದು ಜಾಲರಿ, ನಾಲ್ಕು ಸೌಟು, ಎರಡು ಜಮಖಾನ, ಇವು ಕೂಟದ ಆಸ್ತಿ. ಯಾರ ಮನೆಯಲ್ಲಿ ನಾಮಕರಣ, ಗೃಹಪ್ರವೇಶ ಆದರೂ ಪುಸ್ತಕದಲ್ಲಿ ಬರೆಸಿ ಒಯ್ಯಬೇಕು.

ಅತ್ತೆಯನ್ನು ಕೇಳಿದೆ. "ಅಣ್ಣಾವ್ರನ್ನ ವೀರಪ್ಪನ್ ಎತ್ಕೊಂಡ್ ಹೋದ ವರ್ಷ" ಅಂದರು. ಎದುರು ಮನೆ ಟೀಚರಮ್ಮ, "ಇಲ್ಲ ಕಣಮ್ಮ, ದೇವೇಗೌಡ್ರು ಪ್ರಧಾನಿ ಆದ ವರ್ಷ" ಅಂದರು. ಮೂಲೆ ಮನೆ ದೊಡ್ಡಮ್ಮ, "ಅದೆಲ್ಲ ಸುಳ್ಳು, ಶುರುವಾಗಿದ್ದು ಹಪ್ಪಳದಿಂದ" ಅಂತ ವರ್ಷವನ್ನೇ ಹೇಳದೆ ಒಳಗೆ ಹೋದರು. ಒಂದು ಲೆಕ್ಕಕ್ಕೆ 2000, ಇನ್ನೊಂದಕ್ಕೆ 1996. 1996 ಆದರೆ 25 ವರ್ಷ ಕೊರೊನಾ ಕಾಲದಲ್ಲೇ ತುಂಬಿಹೋಯಿತು, ನಾವು ಯಾರೂ ಗಮನಿಸಲಿಲ್ಲ ಅಂತಾಗುತ್ತದೆ. ಪ್ರೆಸ್ಸಿನವರು ದಿನಾ ಫೋನ್ ಮಾಡುತ್ತಿದ್ದಾರೆ.

ಮಹಾರಾಜ ಪಾರ್ಕ್ ವಾಕಿಂಗ್

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇನಿದೆ ಮೇಡಂ? ಸಂಘ ನೋಂದಣಿ ಆಗಿದ್ದರೆ ಪ್ರಮಾಣಪತ್ರದಲ್ಲಿ ತಾರೀಖು ಇರುತ್ತದೆ. ಅದನ್ನೇ ಹಾಕಿ.

ಸಾಲಗಾಮೆ ರಸ್ತೆ ಸೊಸೆ

ನೋಂದಣಿ ಆದದ್ದು 2005ರಲ್ಲಿ ಸರ್, ನಾನು ಬಂದ ಮೇಲೆ. ಹಾಗೆ ನೋಡಿದರೆ ಕೂಟಕ್ಕಿಂತ ನಾನೇ ಹಳಬಳು! ಹಿಂದೆ ಮೇಷ್ಟ್ರು ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ತಮಗೆ ತೋಚಿದ ಹುಟ್ಟಿದ ತಾರೀಖು ಬರೆದುಕೊಳ್ಳುತ್ತಿದ್ದರಲ್ಲ, ಹಾಗಾಗುತ್ತೆ ಅಷ್ಟೆ.

ಮೂರನೇ ಕ್ರಾಸ್ ಮಗಳು

ನಾನು ನಿಮ್ಮ ಬೀದಿಯವಳೇ. ಈಗ ಬೆಂಗಳೂರಿನಲ್ಲಿದ್ದೇನೆ, ಅಮ್ಮನೂ ನನ್ನ ಜೊತೆಗೇ ಇದ್ದಾರೆ. ಟೀಚರಮ್ಮ ಹೇಳಿದ್ದು ಸರಿ. 1996. ಅಮ್ಮನೇ ಚೀಟಿ ನಡೆಸುತ್ತಿದ್ದದ್ದು, ಹಾಗಾಗಿ ನನಗೆ ಗೊತ್ತು.

ಆ ವರ್ಷ ಜೂನ್ 1ಕ್ಕೆ ದೇವೇಗೌಡರು ಪ್ರಮಾಣವಚನ ತೆಗೆದುಕೊಂಡರಲ್ಲ, ನಮ್ಮ ಜಗಲಿಯಲ್ಲಿ ಚೀಟಿ ಶುರುವಾದದ್ದು ಅದೇ ವಾರ. 20 ಜನ, ತಲೆಗೆ 500 ರೂಪಾಯಿ, 20 ತಿಂಗಳು. ತಿಂಗಳಿಗೆ 10,000 ಒಟ್ಟಾಗುತ್ತಿತ್ತು. ಹರಾಜು ಕೂಗುವ ಚೀಟಿ ಅಲ್ಲ, ಲಾಟರಿ ಚೀಟಿ. ಹೆಸರು ಬರೆದ ಕಾಗದಗಳನ್ನು ಸುರುಳಿ ಸುತ್ತಿ ಹಿತ್ತಾಳೆ ಚೊಂಬಿಗೆ ಹಾಕಿ ಕುಲುಕಿ ನನ್ನ ಕೈಯಲ್ಲಿ ಎತ್ತಿಸುತ್ತಿದ್ದರು. ನನಗಾಗ 7 ವರ್ಷ. ಯಾರ ಹೆಸರು ಬಂತೋ ಅವರು ನನಗೆ ಒಂದು ಚಾಕೊಲೇಟು ಕೊಡುತ್ತಿದ್ದರು.

ಮೂರನೇ ತಿಂಗಳು ಒಬ್ಬರ ಹೆಸರು ಬಂತು. ಬಾಡಿಗೆ ಮನೆಯವರು. ಎಂಟನೇ ತಿಂಗಳವರೆಗೆ ಸರಿಯಾಗಿ ಕಟ್ಟಿದರು. ಆಮೇಲೆ ಒಂದು ರಾತ್ರಿ ಲಾರಿಗೆ ಸಾಮಾನು ತುಂಬಿಸಿಕೊಂಡು ಊರು ಬಿಟ್ಟರು. 12 ತಿಂಗಳ ಬಾಕಿ, 6,000 ರೂಪಾಯಿ. ಅಮ್ಮ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕೈಯಲ್ಲಿದ್ದ ಎರಡು ಬಳೆ ಗಿರವಿ ಇಟ್ಟು ತಿಂಗಳು ತಿಂಗಳು ಅವರ ಪಾಲು ತಾವೇ ಹಾಕಿದರು. ಬಳೆ ಬಿಡಿಸಿಕೊಳ್ಳಲು 3 ವರ್ಷ ಹಿಡಿಯಿತು. ಆ ಹೆಸರು ಎತ್ತಿದ್ದು ನನ್ನ ಕೈ ಅಂತ ನಾನು ತುಂಬ ದಿನ ಒಳಗೊಳಗೇ ಕೊರಗುತ್ತಿದ್ದೆ. ಈಗ ನಗು ಬರುತ್ತೆ.

1998ರ ಜನವರಿಗೆ ಚೀಟಿ ಮುಗಿಯಿತು. ಇನ್ನು ಸತ್ತರೂ ಚೀಟಿ ಇಲ್ಲ ಅಂದುಬಿಟ್ಟರು ಅಮ್ಮ. ಆದರೂ 5ನೇ ತಾರೀಖು ಬಂದರೆ ಏಳೆಂಟು ಜನ ಅಭ್ಯಾಸಬಲದಿಂದ ಜಗಲಿಗೆ ಬಂದು ಕೂರುತ್ತಿದ್ದರು. ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ಸುಮ್ನೆ ಒಂದು ಲೋಟ ಕಾಫಿ. ಅದೇ ನಿಮ್ಮ ಕೂಟ.

ಸಾಲಗಾಮೆ ರಸ್ತೆ ಸೊಸೆ

ಅಯ್ಯೋ, ಈ ಬಳೆ ವಿಷಯ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಬೈಲಾದಲ್ಲಿ "ಕೂಟದ ಹೆಸರಿನಲ್ಲಿ ಚೀಟಿ ವ್ಯವಹಾರ ಮಾಡಕೂಡದು" ಅಂತ ಒಂದು ಸಾಲಿದೆ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ಯಾಕೆ ಅಂತ ಇವತ್ತು ಗೊತ್ತಾಯಿತು.

ಆಲೂರು ಕಡೆಯವಳು

ತಪ್ಪು ತಿಳಿಯಬೇಡಿ, ಇದು ಸ್ತ್ರೀಶಕ್ತಿ ಸಂಘದ ಥರಾನೇ ಅಲ್ವಾ? ನಮ್ಮಮ್ಮನೂ ಊರಲ್ಲಿ ಒಂದರಲ್ಲಿ ಇದ್ದರು. 2000-01ರಲ್ಲಿ ಸರ್ಕಾರ ಶುರು ಮಾಡಿದಾಗ ಅಂಗನವಾಡಿ ಟೀಚರ್ರು ಮನೆಮನೆಗೆ ಬಂದು 15-20 ಜನ ಸೇರಿಸಿ ಮಾಡಿಸಿದ್ದು. ವಾರಕ್ಕೆ 10 ರೂಪಾಯಿ ಉಳಿತಾಯ. ಅದರ ಮೇಲೆ ಬ್ಯಾಂಕ್ ಸಾಲ ಸಿಕ್ಕಿ ಅಮ್ಮ ಒಂದು ಹಸು ತಂದರು. ಡೈರಿಗೆ ಹಾಲು ಹಾಕಿ ಸಾಲ ತೀರಿಸಿದರು. ಹಾಲಿನ ದುಡ್ಡು ಅಮ್ಮನ ಹೆಸರಿಗೇ ಬರುತ್ತಿತ್ತು, ಅಪ್ಪನಿಗೆ ಅದೇ ದೊಡ್ಡ ಸಂಕಟ!

ಹಳೇ ಖಜಾಂಚಿ

ಥರಾನೇ ಅಲ್ಲಮ್ಮ, ಬೇರೆ. ಸ್ತ್ರೀಶಕ್ತಿ ಹಳ್ಳಿ ಹೆಂಗಸರಿಗೆ ಅಂತ ಬಂದದ್ದು. ಅಲ್ಲಿ ಉಳಿತಾಯವೇ ಪ್ರಾಣ. ಒಬ್ಬಳು ಕಂತು ತಪ್ಪಿದರೆ ಉಳಿದವರಿಗೆಲ್ಲ ಚಿಂತೆ. ನಮ್ಮದರಲ್ಲಿ ಕಂತಿಲ್ಲ, ಸಾಲವಿಲ್ಲ. ಹೆಂಗಸರು ಕೂತು ಮಾತಾಡೋಕೆ ಒಂದು ನೆಪ, ಅಷ್ಟೇ. ಆ ನೆಪ ಎಲ್ಲಿಂದ ಬಂತು ಅಂತ ಹೇಳುತ್ತೇನೆ ಕೇಳಿ. ಸೊಸೆಯ ಅತ್ತೆ ಹೇಳಿದ್ದೇ ಸರಿ, 2000.

ಚೀಟಿ ಜನ ಬೇರೆ. ಅವರಲ್ಲಿ ಅರ್ಧ ಮಂದಿ ಎರಡನೇ ಕ್ರಾಸಿನವರು. ನಮ್ಮ ಬೀದಿಯವರು ದಿನಾ ಸೇರೋಕೆ ಶುರು ಮಾಡಿದ್ದು ಅಣ್ಣಾವ್ರಿಂದ. ಜುಲೈ 30, ಭೀಮನ ಅಮಾವಾಸ್ಯೆ. ಗಂಡಂದಿರ ಪಾದಪೂಜೆ ಮಾಡಿ ಕಡುಬು ತಿಂದು ಮಲಗಿದ್ದೇವೆ. ಬೆಳಗಾದರೆ ಸುದ್ದಿ: ಗಾಜನೂರಿನ ಮನೆಯಿಂದ ಅಣ್ಣಾವ್ರನ್ನ ಕರೆದುಕೊಂಡು ಹೋಗಿದ್ದಾನೆ. ಶಾಲೆಗೆ ಹೋದ ಮಕ್ಕಳು ಅರ್ಧ ದಾರಿಯಿಂದ ವಾಪಸು ಬಂದವು. ಅಂಗಡಿ ಬಾಗಿಲು ಹಾಕಿತು. ಆಗ ನಮ್ಮ ಸಾಲಿನಲ್ಲಿ ಕೇಬಲ್ ಇದ್ದದ್ದು ಕಂಟ್ರಾಕ್ಟರ್ ಮನೆಯಲ್ಲಿ ಮಾತ್ರ. ಕಂಟ್ರಾಕ್ಟರ್ ಮನೆ ಅತ್ತಿಗೆ ಬಾಗಿಲು ತೆಗೆದಿಟ್ಟು, ಬನ್ನಿ ಅಂದರು. ಅವತ್ತಿನವರೆಗೆ ನಾನು ಆ ಮನೆಯ ಹೊಸಿಲು ದಾಟಿದವಳಲ್ಲ. ನಮ್ಮದು ಹೆಂಚಿನ ಮನೆ, ಅವರದು ಮಾರ್ಬಲ್ ಹಾಸಿದ ಮನೆ.

108 ದಿನ. ಸಂಜೆ ಏಳಕ್ಕೆ ಎಲ್ಲರೂ ಅಲ್ಲಿ. ಒಬ್ಬಳು ಅವರೆಕಾಯಿ ತಂದು ಬಿಡಿಸುತ್ತಾ ಕೂರೋಳು, ಇನ್ನೊಬ್ಬಳು ಹೂ ಕಟ್ಟೋಳು. ಸುದ್ದಿ ಐದು ನಿಮಿಷ. ಉಳಿದದ್ದೆಲ್ಲ ನಮ್ಮ ಸುದ್ದಿ. ಆ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಎಲ್ಲ ಒಟ್ಟಿಗೆ ಹೋಗಿ ಅವರ ಹೆಸರಿನಲ್ಲಿ ಹರಕೆ ಕಟ್ಟಿಕೊಂಡೆವು. ನವೆಂಬರ್ 15ಕ್ಕೆ ಬಿಡುಗಡೆ ಆಯಿತು. ಮಾರನೇ ದಿನ ಒಂದು ಡಬರಿ ಕೇಸರಿಬಾತ್ ಮಾಡಿ ಬೀದಿಗೆಲ್ಲ ಹಂಚಿದೆವು. ಆ ಡಬರಿ ಬಾಡಿಗೆಗೆ ತಂದದ್ದು. ಬಾಡಿಗೆ ಕೊಡುವಾಗಲೇ, ಇದೇ ದುಡ್ಡಿಗೆ ಇನ್ನಷ್ಟು ಹಾಕಿದರೆ ನಮ್ಮದೇ ಒಂದು ಬರುತ್ತಲ್ಲ ಅನ್ನಿಸಿತು. ತಲೆಗೆ 50 ಹಾಕಿದೆವು. ಕೂಟದ ಮೊದಲ ಆಸ್ತಿ ಅದು.

ಬಿಡುಗಡೆ ಆದ ಮೇಲೂ ಸಂಜೆ ಏಳಕ್ಕೆ ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು. ದಿನಾ ಹೋದರೆ ಚೆನ್ನಾಗಿರಲ್ಲ ಅಂತ ತಿಂಗಳಿಗೊಮ್ಮೆ ಮಾಡಿಕೊಂಡೆವು.

ಮೂರನೇ ಕ್ರಾಸ್ ಮಗಳು

ಆಂಟಿ, ಆ ಸಭೆಗೆ ಬಂದ ಮೊದಲ ಹತ್ತು ಜನರಲ್ಲಿ ಆರು ಜನ ಅಮ್ಮನ ಚೀಟಿಯವರೇ. ಅಮ್ಮ ಪಕ್ಕದಲ್ಲೇ ಕೂತು ಹೆಸರು ಹೇಳಿಸುತ್ತಿದ್ದಾರೆ. ಇಲ್ಲಿ ಬರೆಯಬೇಡ ಅಂತಲೂ ಹೇಳುತ್ತಿದ್ದಾರೆ.

ಹಳೇ ಖಜಾಂಚಿ

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮಂಡಿ ನೋವು ಹೇಗಿದೆ?

ಲೈಬ್ರರಿ ನಿವೃತ್ತೆ

ಎಲ್ಲರೂ ತಮ್ಮ ಬೀದಿಯಿಂದಲೇ ಪ್ರಪಂಚ ಶುರುವಾಯಿತು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಮ್ಮ ಅಮ್ಮಂದಿರ ಕಾಲದಲ್ಲಿ ಊರೂರಿಗೆ ಮಹಿಳಾ ಸಮಾಜ ಇತ್ತು. ಬೆಂಗಳೂರಿನ ಮಹಿಳಾ ಸೇವಾ ಸಮಾಜ 1913ರದ್ದು. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆಯಿತು, ಇಂಥ ಸಂಸ್ಥೆಗಳಿಗೆ ಅನುದಾನ ಸಿಗತೊಡಗಿತು. ನಾನು ಚಿಕ್ಕವಳಿದ್ದಾಗ ಅಮ್ಮ ಹೋಗುತ್ತಿದ್ದ ಸಮಾಜದಲ್ಲಿ ಬೆಳಗ್ಗೆ ಶಿಶುವಿಹಾರ, ಮಧ್ಯಾಹ್ನ ಹೊಲಿಗೆ ಕ್ಲಾಸು, ಸಂಜೆ ಹಿಂದಿ ಪರೀಕ್ಷೆಗೆ ಪಾಠ. ಅಮ್ಮ ಮೂವತ್ತು ದಾಟಿದ ಮೇಲೆ ಹಿಂದಿ ಪ್ರಥಮಾ ಪಾಸು ಮಾಡಿದ್ದು ಅಲ್ಲೇ.

ಶಿಶುವಿಹಾರವೇ ಎಷ್ಟೋ ಸಮಾಜಗಳ ಬೆನ್ನೆಲುಬು. 1975ರಲ್ಲಿ ನಮ್ಮ ರಾಜ್ಯದ ಮೊದಲ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಟಿ. ನರಸೀಪುರದಲ್ಲಿ ಶುರುವಾಯಿತು. ಅಂಗನವಾಡಿ ಎಲ್ಲ ಕಡೆ ಹಬ್ಬಿತು. ಆಮೇಲೆ ಕಾನ್ವೆಂಟುಗಳು ಬಂದವು. ಮಕ್ಕಳು ಆ ಕಡೆ ಹೋದರು, ಮಕ್ಕಳ ಹಿಂದೆ ತಾಯಂದಿರೂ ಹೋದರು. ನಾನು ಕಂಡ ಸಮಾಜದಲ್ಲಿ ಕೊನೆಗೆ ಉಳಿದದ್ದು ಗೋಡೆ ಮೇಲಿನ ಫೋಟೋಗಳು, ಎರಡು ಹೊಲಿಗೆ ಮಿಷಿನ್ನು. ನಿಮ್ಮ ಕೂಟಕ್ಕೆ ಅಂಥ ಒಂದು ಕೆಲಸ ಅಂತ ಇದೆಯಾ? ಬರೀ ಡಬರಿ ಸಾಕಾಗುತ್ತಾ?

ಸಾಲಗಾಮೆ ರಸ್ತೆ ಸೊಸೆ

ಮೇಡಂ, ಪ್ರಶ್ನೆ ಚುಚ್ಚಿತು, ಆದರೆ ನ್ಯಾಯವಾದದ್ದು. ನಮಗೆ ಅಂಥ ಘನವಾದ ಕೆಲಸ ಇಲ್ಲ. ಆದರೆ ಆ ಡಬರಿಯನ್ನು ಕಡಿಮೆ ಅಂದುಕೊಳ್ಳಬೇಡಿ. ಅದನ್ನು ಕೇಳಲು ಬಂದವರು ಯಾಕೆ ಬೇಕು ಅಂತ ಹೇಳಲೇಬೇಕು. ಹಾಗಾಗಿ ಯಾರ ಮನೆಯಲ್ಲಿ ಏನು ಅಂತ ಬೀದಿಗೆ ಗೊತ್ತಾಗುತ್ತದೆ. ನಮ್ಮ ಮಾವ ತೀರಿಕೊಂಡಾಗ ಯಾರೂ ಕೇಳದೆ ಎರಡು ಡಬರಿಯೂ ತಾವಾಗಿ ಬಂದವು, ಅನ್ನ ಸಾರು ತುಂಬಿಕೊಂಡು.

ಚಿಕ್ಕಮಗಳೂರಿಂದ

ನಮ್ಮ ಕಡೆ ಕ್ಲಬ್ ಅಂದರೆ ಕಾಫಿ ಪ್ಲಾಂಟರುಗಳದ್ದು, ಬ್ರಿಟಿಷರ ಕಾಲದ್ದು. ನಿಮ್ಮ ಸಕಲೇಶಪುರದಲ್ಲೂ ಇದೆಯಲ್ಲ ಮಂಜರಾಬಾದ್ ಕ್ಲಬ್. ಅಲ್ಲಿಗೆ ಹೆಂಗಸರು ಹೋಗುತ್ತಿದ್ದದ್ದು ಗಂಡನ ಹೆಸರಿನಲ್ಲಿ. ಇನ್ನರ್‌ವ್ಹೀಲ್ ಅನ್ನುವ ಹೆಂಗಸರ ಕ್ಲಬ್ ಕೂಡ ಹಾಗೇ ಹುಟ್ಟಿದ್ದು, ರೋಟರಿಯವರ ಹೆಂಡತಿಯರಿಂದ, 1924ರ ಜನವರಿ 10ರಂದು ಮ್ಯಾಂಚೆಸ್ಟರ್‌ನಲ್ಲಿ. ಅದಕ್ಕೆ ಎರಡು ತಿಂಗಳ ಮುಂಚೆ ಅವರೆಲ್ಲ ಮೊದಲು ಸೇರಿದ್ದು ಎಲ್ಲಿ ಗೊತ್ತಾ? ಒಂದು ಟರ್ಕಿಶ್ ಸ್ನಾನಗೃಹದಲ್ಲಿ! ನಿಮ್ಮ ಟಿವಿ ಮುಂದಿನ ಸಭೆ ಎಷ್ಟೋ ವಾಸಿ.

ಹಳೇ ಖಜಾಂಚಿ

ಕ್ಲಬ್ ಅಂದಾಗ ನೆನಪಾಯಿತು. 2005ರಲ್ಲಿ ನೋಂದಣಿ ಮಾಡಿಸುವಾಗ ಹೆಸರಿನಲ್ಲಿ "ಲೇಡೀಸ್ ಕ್ಲಬ್" ಅಂತ ಇರಲಿ ಅಂದಳು ಒಬ್ಬಳು. ಅವಳ ಗಂಡನಿಗೆ ಇಸ್ಪೀಟು ಕಣ್ಣ ಮುಂದೆ ಬಂತು. ನಮ್ಮ ಅತ್ತೆ ಇನ್ನೂ ಹಳಬರು, ಕ್ಲಬ್ ಅಂದರೆ ಅವರಿಗೆ ಕಾಫಿ ಕ್ಲಬ್, ಹೋಟೆಲು. "ಹೋಟ್ಲು ಇಡ್ತೀರೇನ್ರೇ, ದೋಸೆ ಯಾರು ಹುಯ್ಯೋರು?" ಅಂದರು. ಕೂಟ ಅಂತಲೇ ಆಯಿತು.

ನೋಂದಣಿ ಕಷ್ಟವೇನಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಇದ್ದರೆ ಸಾಕು. ಉದ್ದೇಶ ಬರೆಯಬೇಕು. ಸಾಹಿತ್ಯ, ಲಲಿತಕಲೆ, ವಿದ್ಯೆ, ದಾನಧರ್ಮ, ಇಂಥವು ನಡೆಯುತ್ತವೆ. ಹರಟೆ ಅಂತ ಬರೆಯೋಕಾಗುತ್ತಾ? ಲಲಿತಕಲೆ ಅಂತ ಬರೆದೆವು. ಕಷ್ಟ ಇರುವುದು ಆಮೇಲೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ, ಆಡಿಟ್ ಆದ ಲೆಕ್ಕ, ಕಮಿಟಿ ಪಟ್ಟಿ, ಎಲ್ಲ 14 ದಿನದೊಳಗೆ ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ನಾವು ನಾಲ್ಕು ವರ್ಷ ಕೊಡಲೇ ಇಲ್ಲ. ಗೊತ್ತೇ ಇರಲಿಲ್ಲ. ಆಮೇಲೆ ದಂಡ ಸಮೇತ ಕಟ್ಟಿದೆವು. ಹೊಸದಾಗಿ ಸಂಘ ಮಾಡುವವರು ಇದೊಂದು ನೆನಪಿಡಿ.

ಇನ್ನೊಂದು ಬ್ಯಾಂಕ್ ಖಾತೆ. ಅಧ್ಯಕ್ಷೆ, ಖಜಾಂಚಿ ಇಬ್ಬರ ಸಹಿ ಬೇಕು. ಆಗ ಅಧ್ಯಕ್ಷೆ ಆಗಿದ್ದದ್ದು ಬೀದಿಯ ಹಿರಿಯ ಅಜ್ಜಿ. ಅವರು ಜೀವಮಾನದಲ್ಲಿ ಸಹಿ ಹಾಕಿದವರಲ್ಲ, ಹೆಬ್ಬೆಟ್ಟು. ಟೀಚರಮ್ಮ 15 ದಿನ ಕೂರಿಸಿ ಕಲಿಸಿದರು. ಬ್ಯಾಂಕಿನಲ್ಲಿ ಮೂರು ಸಲ ಹಾಕಿಸಿದರೆ ಮೂರೂ ಬೇರೆ ಬೇರೆ. ಕೌಂಟರಿನ ಹುಡುಗ ಮುಖ ಸಿಂಡರಿಸಿದ. ಅಜ್ಜಿ ಅವನನ್ನೇ ನೋಡಿ, "ನಿಂಗೆ ಮೊದಲ್ನೇ ಸಲಕ್ಕೇ ಬಂತಾ ಮಗಾ?" ಅಂದರು.

ಹೊಸಲೈನ್ ರಸ್ತೆ

ಒಂದು ಮಾತು ಕೇಳಲಾ? ನಮ್ಮ ಕಡೆಯ ಕೂಟಕ್ಕೆ ನಾನು ಹೋಗುವುದು ಬಿಟ್ಟು ಐದು ವರ್ಷ ಆಯಿತು. ಯಜಮಾನರು ಹೋದ ಮೇಲೆ ಯಾರೂ ಬರಬೇಡಿ ಅನ್ನಲಿಲ್ಲ. ಆದರೆ ಸಭೆಯ ಕೊನೆಗೆ ಅರಿಶಿನ ಕುಂಕುಮದ ತಟ್ಟೆ ಸುತ್ತು ಬರುತ್ತದೆ. ನನ್ನ ಹತ್ತಿರ ಬಂದಾಗ ಒಂದು ಕ್ಷಣ ನಿಂತು ಪಕ್ಕದವರಿಗೆ ಹೋಗುತ್ತದೆ. ಆ ಒಂದು ಕ್ಷಣಕ್ಕೆ ಹೆದರಿ ಬಿಟ್ಟೆ. ನಿಮ್ಮಲ್ಲಿ ಹೇಗೆ?

ಹಳೇ ಖಜಾಂಚಿ

ನಮ್ಮಲ್ಲೂ ಹಾಗೇ ಇತ್ತು. ಕಂಟ್ರಾಕ್ಟರ್ ಮನೆ ಅತ್ತಿಗೆಗೆ 2009ರಲ್ಲಿ ಹಾಗಾಯಿತು. ಯಾರ ಮನೆಯಲ್ಲಿ ಕೂಟ ಹುಟ್ಟಿತೋ ಅದೇ ಮನೆಯವರು, ತಮ್ಮದೇ ಹಾಲಿನಲ್ಲಿ ಸಭೆ ನಡೆಯುತ್ತಿದ್ದರೂ, ತಟ್ಟೆ ಬರುವ ಹೊತ್ತಿಗೆ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಎರಡು ಸಭೆ ನೋಡಿದೆವು. ಮೂರನೆಯದಕ್ಕೆ ಹೆಬ್ಬೆಟ್ಟಿನ ಅಜ್ಜಿ ತಟ್ಟೆಯನ್ನು ಕಿತ್ತುಕೊಂಡು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟರು. "ಬೇಕಾದೋರು ಹೋಗ್ವಾಗ ತಾವೇ ಇಟ್ಕೊಳ್ಳಿ. ಹೂವು ಎಲ್ರಿಗೂ ಕೊಡಿ" ಅಂದರು. ಇಬ್ಬರು ಮುನಿಸಿಕೊಂಡು ಆರು ತಿಂಗಳು ಬರಲಿಲ್ಲ. ಆಮೇಲೆ ಬಂದರು. ಇದಾದ ಮೇಲೆ ಹಿಂದಿನ ಬೀದಿಯ ಸಾಬರ ಮನೆಯ ಇಬ್ಬರು ಸೊಸೆಯಂದಿರೂ ಸೇರಿದರು. ತಟ್ಟೆ ಸುತ್ತು ಬರುವಾಗ ಅವರನ್ನು ಕರೆಯೋಕೆ ನಮಗೇ ಮುಜುಗರ ಆಗುತ್ತಿತ್ತು ಅಂತ ಆಗ ಹೊಳೆಯಿತು. ನೀವು ನಮ್ಮಲ್ಲಿಗೆ ಬನ್ನಿ. ಹೊಸಲೈನ್ ರಸ್ತೆ ಏನು ದೂರ?

ಸಾಲಗಾಮೆ ರಸ್ತೆ ಸೊಸೆ

ಮೂಲೆ ಮನೆ ದೊಡ್ಡಮ್ಮನನ್ನು ಮತ್ತೆ ಹಿಡಿದು ಕೂರಿಸಿ ಕೇಳಿದೆ. ಅವರು ಹೇಳಿದ್ದು ಹೀಗೆ.

ಯಾವುದೋ ಏಪ್ರಿಲ್. ಆಗ ತಾರಸಿ ಮನೆ ಇದ್ದದ್ದು ಬೀದಿಯಲ್ಲಿ ಮೂರೇ. ಉಳಿದವರೆಲ್ಲ ಹಪ್ಪಳ, ಸಂಡಿಗೆ ಒಣಗಿಸಲು ಆ ತಾರಸಿಗಳಿಗೇ ಹೋಗಬೇಕು. ದೊಡ್ಡಮ್ಮನ ತವರಿನಿಂದ ಎರಡು ಮೂಟೆ ಆಲೂಗಡ್ಡೆ ಬಂದಿತ್ತು. ಒಬ್ಬರಿಗೆ ಆಗದ ಕೆಲಸ ಅಂತ ಆರು ಜನ ಕೂತು ಬೇಯಿಸಿ, ಸುಲಿದು, ಲಟ್ಟಿಸಿ, ಹಳೇ ಪಂಚೆಗಳ ಮೇಲೆ ಹರಡಿ ಕೆಳಗಿಳಿದರು. ಮೂರು ಗಂಟೆಗೆ ಮೋಡ ಕವಿಯಿತು. ನಮ್ಮ ಕಡೆ ಏಪ್ರಿಲ್ ಮಳೆ ಗೊತ್ತಲ್ಲ, ಹೇಳಿ ಕೇಳಿ ಬರುವುದಿಲ್ಲ. ಯಾರೋ ಕೂಗಿದರು. ಆರು ಜನ ಹಪ್ಪಳದವರು, ಏಳನೆಯವಳು ಬರೀ ದಾರಿಯಲ್ಲಿ ಹೋಗುತ್ತಿದ್ದ ಬಾಡಿಗೆ ಮನೆಯವಳು, ಎಲ್ಲ ಮೆಟ್ಟಿಲು ಹತ್ತಿ ಪಂಚೆಯ ನಾಲ್ಕು ಮೂಲೆ ಹಿಡಿದು ಓಡಿದರು. ಅರ್ಧ ಹಪ್ಪಳ ಒಂದಕ್ಕೊಂದು ಅಂಟಿಕೊಂಡು ಮುದ್ದೆ ಆಯಿತು. ಆ ಮುದ್ದೆಗೇ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬೋಂಡಾ ಕರಿದು, ಮಳೆ ನಿಲ್ಲುವವರೆಗೆ ತಿಂದರು. "ನೋಂದಣಿಗೆ ಏಳು ಜನ ಬೇಕು ಅಂತಾರಲ್ಲ, ಅವತ್ತೇ ಏಳು ಜನ ಇದ್ವಿ" ಅಂದರು ದೊಡ್ಡಮ್ಮ. ವರ್ಷ ಕೇಳಿದರೆ, "ಆಲೂಗಡ್ಡೆಗೆ ರೇಟು ಬಿದ್ದ ವರ್ಷ" ಅಂತೆ. ಹಾಸನದಲ್ಲಿ ಆಲೂಗಡ್ಡೆ ರೇಟು ಬೀಳದ ವರ್ಷ ಯಾವುದು ಹೇಳಿ!

ಮಹಾರಾಜ ಪಾರ್ಕ್ ವಾಕಿಂಗ್

ಶುರುವಿನದ್ದು ಆಯಿತು. ಈಗ ಎಷ್ಟು ಜನ ಇದ್ದೀರಿ? ಬೆಳೆದದ್ದು ಹೇಗೆ?

ಸಾಲಗಾಮೆ ರಸ್ತೆ ಸೊಸೆ

ವಾಟ್ಸಾಪಿನಲ್ಲಿ 94. ಸಭೆಗೆ ಬರುವವರು 20, ಮಳೆ ಬಂದರೆ 12. ಯಾವುದನ್ನು ಬೆಳವಣಿಗೆ ಅಂತ ಬರೆಯಲಿ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಗ್ರೂಪ್ ಮಾಡಿದ್ದು. ಮೊದಲು ತರಕಾರಿ ಗಾಡಿ ಎಲ್ಲಿಗೆ ಬಂತು ಅಂತ ತಿಳಿಸಲು. ಈಗ ಬೆಳಗಾದರೆ 40 ಶುಭೋದಯ.

ನಿಜವಾಗಿ ಜನ ಜಾಸ್ತಿಯಾದದ್ದು ಬಸ್ಸಿನಿಂದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಮುಂದಿನ ತಿಂಗಳೇ ಹಳೇಬೀಡಿಗೆ ಹೊರಟೆವು. 34 ಜನ. ಕಂಡಕ್ಟರ್ ಒಬ್ಬೊಬ್ಬರ ಆಧಾರ್ ನೋಡಿ 31 ಸೊನ್ನೆ ಟಿಕೆಟ್ ಹರಿದು ಮುಗಿಸುವಷ್ಟರಲ್ಲಿ ಬಸ್ಸು ಊರಾಚೆ ಬಂದಿತ್ತು. ಮೂವರು ಆಧಾರ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಅವರು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಇಡೀ ದಾರಿ ಅದನ್ನೇ ಹೇಳಿಕೊಂಡು ಬಂದರು. ಎರಡು ತಿಂಗಳಿಗೆ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿ ಸೇರಿದವು. "ನಾವು ಹೋಗಿ ಬಂದ ಮೇಲೇ ಕೊಟ್ಟಿದ್ದು" ಅಂತ ನಮ್ಮತ್ತೆ ಇವತ್ತಿಗೂ ಹೇಳುತ್ತಾರೆ. ಚಂದಾ ಈಗ 100. ಮೊದಲು 10 ರೂಪಾಯಿಯನ್ನು ಸಾಸಿವೆ ಡಬ್ಬಿಯಿಂದ ತೆಗೆದು ತರುತ್ತಿದ್ದವರು ಈಗ, "ಗೃಹಲಕ್ಷ್ಮಿ ಬಂದ ಮೇಲೆ ಕೊಡ್ತೀನಿ" ಅನ್ನುತ್ತಾರೆ.

ಹಳೇ ಖಜಾಂಚಿ

ಸೊಸೆ, ಮೊದಲನೇ ಪುಸ್ತಕ ಹುಡುಕಿಸು. ಡಬರಿ ಕೊಟ್ಟು ತಗೊಂಡ ಲೆಕ್ಕ ಅದರಲ್ಲಿದೆ. ನಾನು ಬಿಡುವಾಗ ಟೀಚರಮ್ಮನಿಗೆ ಕೊಟ್ಟಿದ್ದೆ.

ಸಾಲಗಾಮೆ ರಸ್ತೆ ಸೊಸೆ

ಸಿಕ್ಕಿತು! ಟೀಚರಮ್ಮನ ಅಟ್ಟದಲ್ಲಿ, ನವರಾತ್ರಿ ಗೊಂಬೆಗಳ ಪೆಟ್ಟಿಗೆಯೊಳಗೆ. ಪಟ್ಟದ ಗೊಂಬೆಗೆ ಅಡಿಯಲ್ಲಿ ಒತ್ತು ಕೊಟ್ಟಿದ್ದರು. ಆದರೆ ಮೊದಲ ನಾಲ್ಕು ಹಾಳೆ ಇಲ್ಲ. ಅವರ ಮೊಮ್ಮಗ ದೋಣಿ ಮಾಡಿದನಂತೆ. ಅವನಿಗೀಗ ಮದುವೆಗೆ ಹೆಣ್ಣು ನೋಡುತ್ತಿದ್ದಾರೆ.

ಉಳಿದ ಹಾಳೆಗಳಲ್ಲಿ ಮೊದಲನೇ ಸಾಲು ಇದು: "ಡಬರಿ 1, ಜಾಲರಿ 1. ಒಯ್ದವರು: ಮೂರನೇ ಕ್ರಾಸ್ ಚೀಟಿ ಮನೆ. ವಾಪಸು: ಡಬರಿ ಮಾತ್ರ." ತಾರೀಖಿಲ್ಲ. ಪುಸ್ತಕವನ್ನು ಹಿಂದಿನಿಂದ ತೆಗೆದರೆ ಆರು ಪುಟ ತುಂಬಾ ಅಜ್ಜಿಯ ಸಹಿ. ಮೊದಲನೇ ಪುಟದಲ್ಲಿ ಒಂದು ಅಕ್ಷರ ಎರಡು ಗೆರೆಯಷ್ಟು ದೊಡ್ಡದು, ಆರನೇ ಪುಟಕ್ಕೆ ಗೆರೆಯೊಳಗೆ ಬಂದಿದೆ. ಆ ಪುಟವನ್ನೇ ಸಂಚಿಕೆಯ ಮುಖಪುಟಕ್ಕೆ ಹಾಕಿಸುತ್ತಿದ್ದೇನೆ.

ಆಹ್ವಾನ ಪತ್ರಿಕೆಯಲ್ಲಿ ಬರೀ "25ನೇ ವರ್ಷದ ಸಂಭ್ರಮ" ಅಂತ ಹಾಕಿಸಿದೆ. ಯಾವ ವರ್ಷದಿಂದ ಅಂತ ಬರೆದಿಲ್ಲ. ಟೀಚರಮ್ಮ ಮುಖ ಊದಿಸಿಕೊಂಡಿದ್ದಾರೆ. ಮೂರೂ ಕಥೆ ಸಂಚಿಕೆಗೆ ಹೋಗುತ್ತವೆ, ಬಳೆಯದ್ದು ಅಮ್ಮ ಒಪ್ಪಿದರೆ ಮಾತ್ರ.

ಮೂರನೇ ಕ್ರಾಸ್ ಮಗಳು

ಬಳೆ ವಿಷಯ ಹಾಕಿಕೊಳ್ಳಲಿ, ಓಡಿಹೋದವಳ ಹೆಸರು ಬೇಡ, ಅವಳಿಗೇನು ಕಷ್ಟವಿತ್ತೋ ಅಂದರು ಅಮ್ಮ. ಜಾಲರಿ ಮಾತ್ರ ನಿಜ. ಇಲ್ಲೇ ಇದೆ, ದೀಪಾವಳಿಗೆ ಚಕ್ಕುಲಿ ಕರಿಯೋದು ಅದರಲ್ಲೇ. ಇಷ್ಟು ವರ್ಷ ಅದು ನಮ್ಮದೇ ಅಂದುಕೊಂಡಿದ್ದೆ. ಶನಿವಾರ ಕುಣಿಗಲ್ ಮಾರ್ಗದ ರೈಲಿಗೆ ಅಮ್ಮನನ್ನೂ ಅದನ್ನೂ ಕರೆದುಕೊಂಡು ಬರುತ್ತೇನೆ. ಸ್ಟೇಷನ್ನಿಗೆ ಯಾರಾದರೂ ಬರ್ತೀರಾ? ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ.